ಹೆರಿಗೆಯಾದ ಮೇಲೆ ಇದೆಲ್ಲ ಮಾಮೂಲು ಅಂದವರು ಯಾರು?

ಬೆಳಗಿನ ಮೀಟಿಂಗ್‌ನಲ್ಲಿ ಈ ವಿಷಯ ಇಟ್ಟಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಮೆತ್ತಗೆ ಕೇಳಿದ್ರು: 'ಮೇಡಂ, ಜನ ರಾತ್ರಿ ಊಟ ಮಾಡ್ತಾ ಟಿವಿ ನೋಡ್ತಾರೆ. ಆ ಹೊತ್ತಲ್ಲಿ ಇದು ಬೇಕಾ?' ಊಟದ ಹೊತ್ತಲ್ಲೇ ನಾವು ಕೊಲೆ ತೋರಿಸ್ತೀವಿ, ಅಪಘಾತ ತೋರಿಸ್ತೀವಿ, ರೆಸಾರ್ಟ್ ರಾಜಕೀಯ ತೋರಿಸ್ತೀವಿ. ಅದರಿಂದ ಯಾರ ಊಟವೂ ಕೆಟ್ಟಿದ್ದು ನಾನು ಕೇಳಿಲ್ಲ. ಹೆತ್ತ ಹೆಣ್ಣುಮಗಳೊಬ್ಬಳಿಗೆ ಕೆಮ್ಮಿದರೆ ಮೂತ್ರ ಸೋರುತ್ತೆ ಅಂದರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲ್ವಂತೆ. ಇರಲಿ. ಇವತ್ತು ಅದೇ ವಿಷಯ.

ಮೂತ್ರ ಸೋರೋದು ಅಂದ ಕೂಡಲೇ ಎಪ್ಪತ್ತು ದಾಟಿದ ಅಜ್ಜಿಯರ ಚಿತ್ರ ಕಣ್ಣ ಮುಂದೆ ಬರುತ್ತೆ ಅಲ್ವಾ? ಅಲ್ಲ ವೀಕ್ಷಕರೇ. ಇಪ್ಪತ್ತಾರು ವರ್ಷದ ಹುಡುಗಿ, ಮೊದಲ ಮಗು, ಮೂರು ತಿಂಗಳಾಗಿದೆ. ಸೀನಿದರೆ ಬಟ್ಟೆ ಒದ್ದೆ. ಮಗು ಎತ್ತಿಕೊಂಡು ಮೇಲೆದ್ದರೆ ಒದ್ದೆ. ಯಾರೋ ಜೋಕ್ ಹೇಳಿ ಇವಳು ಜೋರಾಗಿ ನಕ್ಕರೆ ಒದ್ದೆ. ನಗೋದಕ್ಕೂ ಹೆದರಬೇಕಾದ ಬದುಕು ಅದು. ಹೆರಿಗೆಯಾದ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇರುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳ್ತಾರೆ. ಮೂವರಲ್ಲಿ ಒಬ್ಬರು! ನಿಮ್ಮ ಮನೆಯಲ್ಲಿ ಅಮ್ಮ, ಅತ್ತಿಗೆ, ತಂಗಿ ಮೂವರೂ ಹೆತ್ತವರಾಗಿದ್ದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ನಮ್ಮ ಆರೋಗ್ಯದ ಫೋನ್-ಇನ್ ಕಾರ್ಯಕ್ರಮಕ್ಕೆ ಮಂಡಿನೋವಿಗೆ ಕರೆ ಬರುತ್ತೆ, ಶುಗರ್‌ಗೆ ಬರುತ್ತೆ, ಕೂದಲು ಉದುರೋದಕ್ಕಂತೂ ಸಾಲುಗಟ್ಟಿ ಬರುತ್ತೆ. ಈ ಪ್ರಶ್ನೆ ಕೇಳೋರು ಮಾತ್ರ ಹೆಸರು ಹೇಳಲ್ಲ, ಊರು ಹೇಳಲ್ಲ. 'ನಮ್ಮ ಪಕ್ಕದ ಮನೆಯವರಿಗೆ' ಅಂತ ಶುರು ಮಾಡ್ತಾರೆ. ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳು ಲೈನ್‌ನಲ್ಲಿ ಕಾಯ್ತಾ ಕಾಯ್ತಾ ನಮ್ಮ ಡೆಸ್ಕ್‌ನ ಹುಡುಗಿ ಹತ್ರ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: 'ಬಸ್ ಫ್ರೀ ಆಗೇತ್ರಿ ಅಕ್ಕಾರ, ಆದ್ರ ಹತ್ತಾಕ ಧೈರ್ಯ ಸಾಲವಲ್ದು.' 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಟಿಕೆಟ್‌ಗೆ ದುಡ್ಡು ಬೇಡ. ಆದರೆ ಎರಡು ಗಂಟೆ ಬಸ್ಸಲ್ಲಿ ಕೂತು, ಗುಂಡಿಬಿದ್ದ ರಸ್ತೆಯಲ್ಲಿ ಕುಲುಕಿ, ಇಳಿದ ಊರಲ್ಲಿ ಶೌಚಾಲಯ ಇದೆಯೋ ಇಲ್ಲವೋ ಗೊತ್ತಿಲ್ಲದೆ ಹೊರಡೋದು ಹೇಗೆ? ಅವರು ತವರಿಗೆ ಹೋಗೋದನ್ನೇ ಬಿಟ್ಟಿದ್ದರು. ತೊಂದರೆ ಶುರುವಾಗಿ ನಾಲ್ಕು ವರ್ಷ ಆಗಿತ್ತಂತೆ. ಡಾಕ್ಟರ್ ಹತ್ರ ಹೋಗಿದ್ರಾ ಅಂತ ಕೇಳಿದ್ದಕ್ಕೆ, 'ಹಡದ ಮ್ಯಾಲ ಇದೆಲ್ಲಾ ಇದ್ದದ್ದ ಅಂತ ನಮ್ಮತ್ತಿ ಅಂದ್ರು' ಅಂದರು.

ಇದ್ದದ್ದೇ. ಮಾಮೂಲು. ಈ ಎರಡು ಪದಗಳ ಮೇಲೇ ನನ್ನ ಜಗಳ. ತುಂಬಾ ಜನರಿಗೆ ಇದೆ ಅನ್ನೋದು ನಿಜ. ತುಂಬಾ ಜನರಿಗೆ ಇದೆ ಅಂದ ಮಾತ್ರಕ್ಕೆ ಸಹಿಸಿಕೊಂಡೇ ಇರಬೇಕು ಅಂತಲ್ಲ. ರಕ್ತಹೀನತೆಯೂ ನಮ್ಮ ಹೆಣ್ಣುಮಕ್ಕಳಲ್ಲಿ ತುಂಬಾ ಜನರಿಗಿದೆ. ಹಾಗಂತ ಕಬ್ಬಿಣದ ಮಾತ್ರೆ ಕೊಡೋದು ಬಿಟ್ಟಿದ್ದೀವಾ?

ಮೊದಲು ಒಳಗೆ ಏನಿದೆ ಅಂತ ತಿಳ್ಕೊಳ್ಳೋಣ. ಹಳೇ ನವಾರಿನ ಮಂಚ ನೆನಪಿದೆಯಾ? ಸುತ್ತ ಮರದ ಚೌಕಟ್ಟು, ಮಧ್ಯೆ ಬಿಗಿಯಾಗಿ ಹೆಣೆದ ನವಾರು. ನಮ್ಮ ಸೊಂಟದ ಮೂಳೆಗಳೇ ಆ ಚೌಕಟ್ಟು. ಮುಂಭಾಗದ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಹಾಸಿಕೊಂಡಿರೋ ಸ್ನಾಯುಗಳೇ ನವಾರು. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಅಂತಾರೆ. ನಾನು ತಳದ ಸ್ನಾಯು ಅಂತೀನಿ, ಅರ್ಥ ಆದರೆ ಸಾಕು. ಮೂತ್ರಕೋಶ, ಗರ್ಭಕೋಶ, ಮಲದ ಚೀಲ ಮೂರಕ್ಕೂ ಕೆಳಗಿನಿಂದ ಆಸರೆ ಇದೇ. ಮೂರರ ದಾರಿಯೂ ಇದರ ನಡುವಿನಿಂದಲೇ ಹೊರಗೆ ಬರುತ್ತೆ. ಹೆಣ್ಣಿನ ಮೂತ್ರನಾಳದ ಉದ್ದ ಇರೋದೇ ಸುಮಾರು 4 ಸೆಂಟಿಮೀಟರ್. ಅಷ್ಟು ಚಿಕ್ಕ ನಾಳ ಮುಚ್ಚಿಕೊಂಡು ಇರಬೇಕಾದರೆ ಅದರ ಕೆಳಗಿನ ನೆಲ ಗಟ್ಟಿ ಇರಬೇಕು. ತೋಟಕ್ಕೆ ನೀರು ಬಿಡೋ ಪೈಪನ್ನು ಸಿಮೆಂಟ್ ನೆಲದ ಮೇಲಿಟ್ಟು ಕಾಲಲ್ಲಿ ಒತ್ತಿ ನೋಡಿ, ನೀರು ನಿಲ್ಲುತ್ತೆ. ಅದೇ ಪೈಪನ್ನು ಕೆಸರಲ್ಲಿಟ್ಟು ಒತ್ತಿ. ಪೈಪು ಕೆಸರೊಳಗೆ ಇಳಿಯುತ್ತೆ, ನೀರು ಹರೀತಾನೇ ಇರುತ್ತೆ. ಕೆಮ್ಮಿದಾಗ, ಸೀನಿದಾಗ ಹೊಟ್ಟೆಯಿಂದ ಕೆಳಕ್ಕೆ ಒತ್ತಡ ಬೀಳುತ್ತಲ್ಲ, ಆಗ ಆಗೋದು ಇದೇ.

ಒಂಬತ್ತು ತಿಂಗಳು ಮಗುವಿನ ಭಾರ ಹೊತ್ತಿದ್ದು ಈ ನವಾರು. ಹೆರಿಗೆಯ ಹೊತ್ತಲ್ಲಿ ಮಗುವಿನ ತಲೆ ಹಾದು ಬರುವಾಗ ಇದರ ನಡುಭಾಗ ತನ್ನ ಮಾಮೂಲಿ ಉದ್ದದ ಸುಮಾರು ಮೂರು ಪಟ್ಟು ಹಿಗ್ಗುತ್ತೆ. ಕೈಯೋ ಕಾಲೋ ಬೇರೆ ಯಾವ ಸ್ನಾಯುವನ್ನಾದರೂ ಹಾಗೆ ಎಳೆದರೆ ಹರಿದೇ ಹೋದೀತು. ಇದು ಹೆಚ್ಚಿನವರಲ್ಲಿ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತೆ. ಕೆಲವರಲ್ಲಿ ಸಡಿಲವಾಗಿ ಉಳಿಯುತ್ತೆ, ಕೆಲವರಲ್ಲಿ ಹರಿದಿರುತ್ತೆ, ಇನ್ನು ಕೆಲವರಲ್ಲಿ ಅದಕ್ಕೆ ಹೋಗೋ ನರವೂ ಜಗ್ಗಿರುತ್ತೆ. ಮಗು ದಪ್ಪ ಇದ್ದರೆ, ಮುಕ್ಕೋದು ಗಂಟೆಗಟ್ಟಲೆ ನಡೆದಿದ್ದರೆ, ಫೋರ್ಸೆಪ್ಸ್ ಹಾಕಿ ತೆಗೆದಿದ್ದರೆ ಅಪಾಯ ಹೆಚ್ಚು. 'ಸಿಸೇರಿಯನ್ ಆಗಿದೆ, ನಮಗೆ ಈ ಕಾಟ ಇಲ್ಲ' ಅನ್ನೋರಿಗೊಂದು ಮಾತು. ಅಪಾಯ ಕಡಿಮೆಯಾಗುತ್ತೆ, ನಿಜ. ಆದರೆ ಪೂರ್ತಿ ಹೋಗಲ್ಲ. ಯಾಕಂದ್ರೆ ಹೆರಿಗೆ ಹೇಗೇ ಆದರೂ ಗರ್ಭದ ಭಾರ, ಹಾರ್ಮೋನಿನ ಬದಲಾವಣೆ ಎಲ್ಲರಿಗೂ ಒಂದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31ಕ್ಕೂ ಹೆಚ್ಚು ಸಿಸೇರಿಯನ್. ಅವರೆಲ್ಲರೂ ಬಚಾವ್ ಅಂತ ಹೇಳೋ ಹಾಗಿಲ್ಲ.

ಇನ್ನು, ಸೋರಿಕೆ ಎಲ್ಲ ಒಂದೇ ಥರ ಅಲ್ಲ. ಯಾವ ಥರದ್ದು ಅಂತ ಗೊತ್ತಾಗದೆ ಚಿಕಿತ್ಸೆ ಶುರು ಮಾಡೋದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಕೆಮ್ಮು, ಸೀನು, ನಗು, ಕೊಡ ಎತ್ತೋದು, ಮೆಟ್ಟಿಲಿಳಿಯೋದು ಇವುಗಳ ಜೊತೆ ಹನಿ ಬಿದ್ದರೆ ಅದು ಸ್ಟ್ರೆಸ್ ಸೋರಿಕೆ. ಈ ಹೆಸರು ನಮ್ಮಲ್ಲಿ ದೊಡ್ಡ ಗೊಂದಲ ಮಾಡಿದೆ. 'ಡಾಕ್ಟ್ರು ನಂಗೆ ಸ್ಟ್ರೆಸ್ ಅಂದ್ರು, ಟೆನ್ಶನ್ ಮಾಡ್ಕೋಬೇಡ ಅಂತ ಮನೆಯಲ್ಲೂ ಹೇಳಿದ್ರು' ಅಂತ ಒಬ್ಬರು ನನಗೇ ಹೇಳಿದ್ದಾರೆ. ಇಲ್ಲಿ ಸ್ಟ್ರೆಸ್ ಅಂದ್ರೆ ಮನಸ್ಸಿನ ಟೆನ್ಶನ್ ಅಲ್ಲ ಮಾರಾಯ್ರೆ, ಹೊಟ್ಟೆಯಿಂದ ಬೀಳೋ ಒತ್ತಡ. ಹೆರಿಗೆಯ ನಂತರ ಹೆಚ್ಚಾಗಿ ಕಾಣೋದು ಇದೇ. ಎರಡನೆಯದು ಅವಸರದ ಸೋರಿಕೆ. ಇದ್ದಕ್ಕಿದ್ದ ಹಾಗೆ ಜೋರಾಗಿ ಬರುತ್ತೆ, ಬಚ್ಚಲಿಗೆ ಓಡೋಷ್ಟರಲ್ಲಿ ಆಗಿಹೋಗುತ್ತೆ. ನಲ್ಲಿ ನೀರಿನ ಸದ್ದು ಕೇಳಿದರೆ ಸಾಕು, ಮನೆ ಬೀಗಕ್ಕೆ ಕೀಲಿ ಹಾಕೋಷ್ಟರಲ್ಲಿ ತಡೆಯೋಕಾಗಲ್ಲ. ಇಲ್ಲಿ ತಪ್ಪು ನೆಲದ್ದಲ್ಲ, ಮೂತ್ರಕೋಶವೇ ತುಂಬೋ ಮೊದಲೇ ಹಿಂಡಿಕೊಳ್ಳುತ್ತೆ. ಎರಡೂ ಸೇರಿ ಇರೋರೂ ಇದ್ದಾರೆ.

ಹೆರಿಗೆಯ ಮೊದಲ ಒಂದೆರಡು ದಿನದ ಸಮಸ್ಯೆ ಇವೆರಡಕ್ಕಿಂತ ಬೇರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹೆರಿಗೆ ಮಾಡಿಸಿದ್ದರೆ, ಅಥವಾ ಕಷ್ಟದ ಹೆರಿಗೆ ಆಗಿದ್ದರೆ, ಮೂತ್ರಕೋಶ ತುಂಬಿದ್ದೇ ಗೊತ್ತಾಗಲ್ಲ. ತುಂಬಿ ತುಳುಕಿ ಹನಿ ಹನಿ ಬರ್ತಿರುತ್ತೆ, ನೋಡೋರಿಗೆ ಮೂತ್ರ ಆಗ್ತಿದೆ ಅನ್ಸುತ್ತೆ. ಹೆರಿಗೆಯಾಗಿ ಆರು ಗಂಟೆಯೊಳಗೆ ಸರಿಯಾಗಿ ಮೂತ್ರ ಆಗಲಿಲ್ಲ ಅಂದ್ರೆ ನರ್ಸ್‌ಗೆ ಹೇಳಲೇಬೇಕು. ಮಗುವಿನ ತೂಕ, ಮಗುವಿನ ಬಣ್ಣ, ಮಗು ಯಾರ ಥರ ಇದೆ ಅನ್ನೋ ಸಡಗರದಲ್ಲಿ ಈ ಪ್ರಶ್ನೆ ಕಳೆದುಹೋಗುತ್ತೆ. ಜೊತೆಗಿರೋ ಅಮ್ಮಂದಿರು ನೆನಪಿಟ್ಟುಕೊಳ್ಳಿ.

ಹಾಗಾದ್ರೆ ಎಷ್ಟು ದಿನ ಕಾಯಬೇಕು? ಮೊದಲ ವಾರಗಳಲ್ಲಿ ಸ್ವಲ್ಪ ಸೋರಿದರೆ ಗಾಬರಿ ಬೇಡ. ತುಂಬಾ ಜನರಲ್ಲಿ ದಿನ ಕಳೆದ ಹಾಗೆ ಕಡಿಮೆಯಾಗುತ್ತೆ. ಮೂರು ತಿಂಗಳು ದಾಟಿದರೂ ನಿಲ್ಲದಿದ್ದರೆ ಮಾತ್ರ 'ತಾನಾಗಿ ಹೋಗುತ್ತೆ ಬಿಡು' ಅನ್ನೋ ಮಾತಿಗೆ ಕಿವಿಗೊಡಬೇಡಿ. ಡೆನ್ಮಾರ್ಕ್‌ನಲ್ಲಿ ಬಾಣಂತಿಯರನ್ನು ಐದು ವರ್ಷ ಹಿಂಬಾಲಿಸಿ ನೋಡಿದ ವೈದ್ಯರಿಗೆ ಕಂಡದ್ದು ಇದು: ಮೂರನೇ ತಿಂಗಳಲ್ಲೂ ಸೋರಿಕೆ ಉಳಿದಿದ್ದವರ ಪೈಕಿ ಬಹುಪಾಲು ಮಂದಿಗೆ ಐದು ವರ್ಷದ ನಂತರವೂ ಅದು ಇತ್ತು. ಅಂದ್ರೆ ಚಿಕಿತ್ಸೆ ಶುರು ಮಾಡೋಕೆ ಒಳ್ಳೇ ಕಾಲ ಯಾವುದು ಅನ್ನೋದಕ್ಕೆ ಉತ್ತರ ಸಿಕ್ಕಿತಲ್ಲ?

ಈಗ ನಮ್ಮ ಬಾಣಂತನಕ್ಕೆ ಬರೋಣ. ನಾನು ಬಾಣಂತನದ ವಿರೋಧಿ ಅಲ್ಲ. ನಲವತ್ತು ದಿನ, ಮೂರು ತಿಂಗಳು, ಒಂದು ಹೆಣ್ಣಿಗೆ ಕೊಡ ಹೊರೋ ಕೆಲಸ ಇಲ್ಲದೆ ಮಲಗೋಕೆ ಬಿಡೋ ಪದ್ಧತಿಯನ್ನ ಮಾಡಿದವರು ಬುದ್ಧಿವಂತರು. ತಳದ ಸ್ನಾಯು ಮಾಯೋದಕ್ಕೆ ಆ ವಿಶ್ರಾಂತಿ ಬೇಕೇ ಬೇಕು. ಹೆತ್ತು ಒಂದು ತಿಂಗಳಿಗೇ ಬಾಂಡ್ಲಿ ಹೊರೋಕೆ, ಕಳೆ ಕೀಳೋಕೆ ಹೋಗಬೇಕಾದ ಹೆಣ್ಣುಮಕ್ಕಳಿಗೆ ಅದೂ ಸಿಗಲ್ಲ, ಆ ಮಾತು ಬೇರೆ. ಆದರೆ ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅನ್ನೋದಿದೆಯಲ್ಲ, ಅದನ್ನ ಬಿಡಿ. ಮೊದಲೇ ಎದೆಹಾಲಿಗೆ ನೀರು ಹೋಗ್ತಿರುತ್ತೆ. ಕುಡಿಯೋದೂ ನಿಂತರೆ ಮೂತ್ರ ಗಟ್ಟಿಯಾಗಿ ಉರಿ ಬರುತ್ತೆ, ಮೂತ್ರಕೋಶ ಇನ್ನಷ್ಟು ಕೆರಳುತ್ತೆ, ಸೋಂಕು ತಗಲೋ ಅಪಾಯ ಹೆಚ್ಚುತ್ತೆ. ಮೇಲಿಂದ ಮಲಬದ್ಧತೆ. ಬೆಳಗ್ಗೆ ಬೆಳಗ್ಗೆ ಕೂತು ಮುಕ್ಕೋದು ಅಂದ್ರೆ ಸಡಿಲವಾದ ನವಾರಿನ ಮೇಲೆ ದಿನಾ ಕಲ್ಲು ಹೇರಿದ ಹಾಗೆ. ಸೋರಿಕೆ ಇರೋರು ತಾವಾಗಿಯೇ ನೀರು ಬಿಡ್ತಾರೆ, ಅದೂ ಇದೇ ಗುಂಡಿಗೆ ಬೀಳೋ ದಾರಿ. ಬಾಯಾರಿಕೆಗೆ ತಕ್ಕಷ್ಟು ಕುಡೀರಿ. ಕಾಫಿ-ಟೀ ಕಡಿಮೆ ಮಾಡಿ, ನೀರನ್ನಲ್ಲ. ಸೊಪ್ಪು, ತರಕಾರಿ, ಹಣ್ಣು ತಿನ್ನಿ.

ಹೊಟ್ಟೆಗೆ ಸೀರೆ ಬಿಗಿಯೋದರ ಬಗ್ಗೆ ತುಂಬಾ ಜನ ಕೇಳ್ತಾರೆ. ಹಗುರವಾಗಿ ಕಟ್ಟಿಕೊಂಡರೆ ಬೆನ್ನಿಗೆ ಹಿತ ಅನ್ಸಬಹುದು. ಉಸಿರು ಕಟ್ಟೋ ಹಾಗೆ ಬಿಗಿಯೋದು ಬೇಡ. ಹೇಗೇ ಕಟ್ಟಿದರೂ ಅದು ಹೊಟ್ಟೆಗೆ ಕಟ್ಟಿದ್ದು, ಕೆಳಗಿನ ನವಾರಿಗೆ ಅದರಿಂದ ಬಲ ಬರಲ್ಲ.

ಬಲ ಬರೋದು ವ್ಯಾಯಾಮದಿಂದ. ಎಲ್ಲರೂ ಕೇಳಿರೋ ಹೆಸರು, ಕೆಗೆಲ್. ಇದು ಒಬ್ಬ ಮನುಷ್ಯನ ಹೆಸರು. ಆರ್ನಾಲ್ಡ್ ಕೆಗೆಲ್ ಅಂತ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದ್ದ ಸ್ತ್ರೀರೋಗ ತಜ್ಞ. ಹೆರಿಗೆಯ ನಂತರ ಸಡಿಲವಾದ ಸ್ನಾಯುವಿಗೆ ಆಪರೇಷನ್ ಒಂದೇ ದಾರಿ ಅಲ್ಲ, ಅದನ್ನ ಪಳಗಿಸಬಹುದು ಅಂತ 1948ರಲ್ಲಿ ಬರೆದರು. ಅವರು ಬರೀ 'ಬಿಗಿ ಹಿಡೀರಿ' ಅಂತ ಹೇಳಿ ಮನೆಗೆ ಕಳಿಸಲಿಲ್ಲ. ಒಂದು ಉಪಕರಣ ಮಾಡಿದ್ದರು. ಒಳಗಿಟ್ಟುಕೊಳ್ಳೋ ಗಾಳಿಯ ಕೊಳವೆ, ಅದಕ್ಕೆ ಬಿಪಿ ಮೀಟರ್ ಥರದ ಒಂದು ಮಾಪಕ. ಸ್ನಾಯು ಬಿಗಿ ಹಿಡಿದರೆ ಮಾಪಕ ಏರುತ್ತೆ. ತಾನು ಮಾಡ್ತಿರೋದು ಸರಿಯೋ ತಪ್ಪೋ ಅಂತ ಆ ಹೆಂಗಸಿಗೇ ಕಣ್ಣಾರೆ ಕಾಣ್ತಿತ್ತು. ಎಪ್ಪತ್ತು ವರ್ಷದಲ್ಲಿ ಆ ಮಾಪಕ ಕಳೆದುಹೋಗಿ, ಕಲಿಸೋರು ಕಳೆದುಹೋಗಿ, ಡಿಸ್ಚಾರ್ಜ್ ಚೀಟಿಯ ಕೊನೇ ಸಾಲಲ್ಲಿ 'ಕೆಗೆಲ್ ಮಾಡಿ' ಅಂತ ಉಳಿದಿದೆ. ಅದೂ ಪುಣ್ಯವಂತರ ಚೀಟಿಯಲ್ಲಿ.

ಬಾಯಲ್ಲಿ ಹೇಳಿದರೆ ಸಾಲದಾ? ಸಾಲದು. 1991ರಲ್ಲಿ ಅಮೆರಿಕದಲ್ಲೇ 47 ಮಹಿಳೆಯರಿಗೆ ಬಾಯಿಮಾತಲ್ಲಿ ಹೇಳಿಕೊಟ್ಟು, ಆಮೇಲೆ ಅಳತೆ ಮಾಡಿ ನೋಡಿದರು. ಸರಿಯಾಗಿ ಮಾಡಿದವರು ಹೆಚ್ಚುಕಡಿಮೆ ಅರ್ಧ ಜನ. ನಾಲ್ಕರಲ್ಲಿ ಒಬ್ಬರು ಮಾಡ್ತಿದ್ದ ರೀತಿ ಹೇಗಿತ್ತು ಅಂದ್ರೆ, ಅದರಿಂದ ಸೋರಿಕೆ ಇನ್ನೂ ಹೆಚ್ಚಾಗೋ ಸಾಧ್ಯತೆ ಇತ್ತು. ಮೇಲಕ್ಕೆ ಎಳೆಯೋ ಬದಲು ಕೆಳಕ್ಕೆ ಮುಕ್ಕುತ್ತಿದ್ದರು! ಅದಕ್ಕೇ 'ಕೆಗೆಲ್ ಮಾಡಿದೆ, ಏನೂ ಆಗಲಿಲ್ಲ' ಅನ್ನೋರಿಗೆ ನಾನು ಮೊದಲು ಕೇಳೋದು, ಯಾರಾದ್ರೂ ಪರೀಕ್ಷೆ ಮಾಡಿ ಸರಿಯಿದೆ ಅಂದ್ರಾ?

ಸರಿಯಾದ ರೀತಿ ಹೀಗಿದೆ. ಮೊದಲು ಮಲಗಿ, ಮೊಣಕಾಲು ಮಡಚಿಕೊಂಡು ಕಲೀರಿ. ಮದುವೆ ಮನೆಯಲ್ಲಿ ಹತ್ತು ಜನರ ಮಧ್ಯೆ ಕೂತಿದ್ದೀರಿ, ಗ್ಯಾಸ್ ಹೋಗೋ ಹಾಗಾಗುತ್ತೆ, ತಡೀತೀರಲ್ಲ? ಆ ಬಿಗಿ. ಅದರ ಜೊತೆಗೇ ಮೂತ್ರವನ್ನೂ ತಡೆದ ಹಾಗೆ ಮುಂದಿನಿಂದಲೂ ಬಿಗಿ ಹಿಡಿದು, ಒಳಕ್ಕೆ, ಮೇಲಕ್ಕೆ ಎಳ್ಕೊಳ್ಳಿ. ತೊಡೆ ಒತ್ತಬಾರದು, ಪೃಷ್ಠ ಬಿಗಿಯಬಾರದು, ಉಸಿರು ಹಿಡಿಯಬಾರದು. ಹೊರಗಿನಿಂದ ನೋಡಿದವರಿಗೆ ನೀವು ಏನೋ ಮಾಡ್ತಿದ್ದೀರಿ ಅಂತ ಗೊತ್ತೇ ಆಗಬಾರದು. ಶುರುವಲ್ಲಿ ಎರಡು ಮೂರು ಸೆಕೆಂಡ್ ಹಿಡಿಯೋಕೂ ಕಷ್ಟ ಆಗುತ್ತೆ. ನಿಧಾನವಾಗಿ ಆರು, ಎಂಟು, ಹತ್ತು ಸೆಕೆಂಡಿಗೆ ಹೋಗಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಬಿಡೋದೂ ವ್ಯಾಯಾಮದ ಅರ್ಧ ಭಾಗ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿ ಹೇಳೋ ಲೆಕ್ಕ: ಒಂದು ಸಲಕ್ಕೆ ಕನಿಷ್ಠ 8 ಬಿಗಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು, ತಿಳಿದವರ ಮೇಲ್ವಿಚಾರಣೆಯಲ್ಲಿ. ಒಂದು ವಾರ ಮಾಡಿ ಬಿಟ್ಟವರಿಗೆ ಫಲ ಸಿಗಲ್ಲ. ಜಿಮ್‌ಗೆ ವಾರ ಹೋದರೆ ತೋಳು ಬರುತ್ತಾ?

ಮೂತ್ರ ಮಾಡ್ತಾ ಮಾಡ್ತಾ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಯಾರಾದರೂ ಹೇಳಿದ್ದರೆ ಬಿಟ್ಟುಬಿಡಿ. ಯಾವ ಸ್ನಾಯು ಅಂತ ಗುರುತಿಸೋಕೆ ಒಂದು ಸಲ ನೋಡಬಹುದು, ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗೋದೇ ಕೆಡುತ್ತೆ. ಯೋಗ ಕಲಿತವರಿಗೆ ಮೂಲಬಂಧ ಗೊತ್ತಿರುತ್ತೆ. ಕೆಲಸ ಮಾಡೋದು ಹೆಚ್ಚುಕಡಿಮೆ ಇದೇ ಸ್ನಾಯುಗಳು. ಆದರೆ ಇಲ್ಲಿ ಕುಂಭಕ ಬೇಡ, ಉಸಿರು ಆಡ್ತಾ ಇರಲಿ. ಹೊಲಿಗೆ ಬಿದ್ದಿದ್ದರೂ, ಸಿಸೇರಿಯನ್ ಆಗಿದ್ದರೂ, ಮೂತ್ರದ ಪೈಪ್ ತೆಗೆದ ಮೇಲೆ ನೋವಿಲ್ಲದಷ್ಟು ಹಗುರವಾಗಿ ಕೆಲವೇ ದಿನಗಳಲ್ಲಿ ಶುರು ಮಾಡಬಹುದು. ಗುದದ್ವಾರದವರೆಗೆ ಹರಿದು ಹೊಲಿಗೆ ಹಾಕಿದ್ದರೆ ಮಾತ್ರ ಡಾಕ್ಟರ್ ಹೇಳೋವರೆಗೆ ಕಾಯಿರಿ. ಬಿಗಿ ಹಿಡಿದಾಗ ನೋವು ಬಂದರೆ, ಗಂಡನ ಜೊತೆ ಸೇರುವಾಗ ನೋವಿದ್ದರೆ, ಆ ಸ್ನಾಯು ಸಡಿಲ ಇರೋ ಬದಲು ಸೆಟೆದುಕೊಂಡಿರಬಹುದು. ಅಂಥವರಿಗೆ ಇನ್ನಷ್ಟು ಬಿಗಿಯೋದು ಔಷಧಿ ಅಲ್ಲ, ತೋರಿಸಿಕೊಳ್ಳಬೇಕು.

ಈ ಎಲ್ಲದರ ನಡುವೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ, ಯಾಕಂದ್ರೆ ಇದರ ಫಲಕ್ಕೆ ಮೂರು ತಿಂಗಳು ಕಾಯಬೇಕಾಗಿಲ್ಲ. ಸೀನು ಬರುತ್ತೆ ಅಂತ ಒಂದು ಕ್ಷಣ ಮೊದಲೇ ಗೊತ್ತಾಗುತ್ತಲ್ಲ, ಆ ಕ್ಷಣದಲ್ಲಿ ತಳ ಬಿಗಿ ಹಿಡಿದು ಆಮೇಲೆ ಸೀನಿ. ಕೆಮ್ಮೋ ಮೊದಲು, ಮಗುವನ್ನ ಎತ್ತೋ ಮೊದಲು, ಕುಕ್ಕರ್ ಇಳಿಸೋ ಮೊದಲು ಅದೇ. ಸರಿಯಾಗಿ ಬಿಗಿ ಹಿಡಿಯೋಕೆ ಬಂದವರಿಗೆ ಒಂದೇ ವಾರದಲ್ಲಿ ಕೆಮ್ಮಿದಾಗಿನ ಸೋರಿಕೆ ಕಡಿಮೆಯಾಗಿದ್ದನ್ನ ವೈದ್ಯರು ಅಳೆದು ನೋಡಿದ್ದಾರೆ.

ಅವಸರದ ಸೋರಿಕೆ ಇರೋರಿಗೆ ಇದರ ಜೊತೆ ಮೂತ್ರಕೋಶಕ್ಕೆ ಪಾಠ ಹೇಳೋ ಕೆಲಸ ಇದೆ. 'ಎಲ್ಲಾದ್ರೂ ಆಗಿಬಿಟ್ರೆ' ಅಂತ ಅರ್ಧ ಗಂಟೆಗೊಮ್ಮೆ ಹೋಗಿ ಹೋಗಿ ಅದಕ್ಕೆ ಕೆಟ್ಟ ಅಭ್ಯಾಸ ಆಗಿರುತ್ತೆ. ಅವಸರ ಬಂದಾಗ ಓಡಬೇಡಿ. ಕೂತ್ಕೊಳ್ಳಿ, ತಳ ಬಿಗಿ ಹಿಡೀರಿ, ಅಲೆ ಇಳಿಯೋವರೆಗೆ ಕಾದು ಆಮೇಲೆ ನಡೆದು ಹೋಗಿ. ಎರಡು ಸಲದ ನಡುವಿನ ಹೊತ್ತನ್ನು ಹತ್ತು ಹದಿನೈದು ನಿಮಿಷದಂತೆ ಹಿಗ್ಗಿಸ್ತಾ ಹೋಗಿ. ಇದಕ್ಕೆ ಕನಿಷ್ಠ ಆರು ವಾರ ಬೇಕು. ಸಾಲದಿದ್ದರೆ ಮಾತ್ರೆಗಳಿವೆ. ಎದೆಹಾಲು ಕೊಡ್ತಿದ್ದರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳಿ. ತೂಕದ ಮಾತನ್ನೂ ಹೇಳಿಬಿಡ್ತೀನಿ, ಬೇಜಾರಾಗಬೇಡಿ. ತೂಕ ಹೆಚ್ಚಿದ್ದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಶೇ. 8ರಷ್ಟು ತೂಕ ಇಳಿಸಿದ ಗುಂಪಿನಲ್ಲಿ ವಾರದ ಸೋರಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಎಪ್ಪತ್ತೈದು ಕೆಜಿ ಇರೋರಿಗೆ ಅದು ಆರು ಕೆಜಿ. ಹಾಲುಣಿಸೋ ಸಮಯದಲ್ಲಿ ಉಪವಾಸ ಬಿದ್ದು ಇಳಿಸೋದು ಮಾತ್ರ ಬೇಡ.

ಇಷ್ಟೆಲ್ಲ ಕಲಿಸೋರು ಯಾರು? ನನ್ನ ತಕರಾರು ಇರೋದು ಇಲ್ಲಿ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ ಅಂತ ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುತ್ತೆ. ಅಂದ್ರೆ ಹೆಚ್ಚುಕಡಿಮೆ ಪ್ರತಿಯೊಬ್ಬ ತಾಯಿಯೂ ಒಂದು ದಿನವಾದರೂ ಡಾಕ್ಟರ್, ನರ್ಸ್ ಕಣ್ಣ ಮುಂದೆ ಇರ್ತಾಳೆ. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು ಅಂತ ನಿಯಮ ಇದೆ. ಆ ಆಶಾಗಳ ಗೌರವಧನದ ಹೋರಾಟ ಇನ್ನೊಂದು ದಿನದ ವಿಷಯ. ಮಗುವಿನ ತೂಕ ನೋಡ್ತಾರೆ, ಜ್ವರ ನೋಡ್ತಾರೆ, ತಾಯಿಗೆ ರಕ್ತಸ್ರಾವ ಇದೆಯಾ ಕೇಳ್ತಾರೆ. ಅದರ ಜೊತೆಗೇ 'ಕೆಮ್ಮಿದಾಗ ಮೂತ್ರ ಹೋಗುತ್ತಾ ಅಕ್ಕ?' ಅಂತ ಒಂದು ಪ್ರಶ್ನೆ ಕೇಳಿದರೆ ಎಷ್ಟು ಖರ್ಚು? ಫ್ರಾನ್ಸ್‌ನಲ್ಲಿ ಹೆರಿಗೆಯಾದ ಮಹಿಳೆಗೆ ತಳದ ಸ್ನಾಯುವಿನ ತರಬೇತಿಯನ್ನೇ ಬರೆದುಕೊಡ್ತಾರೆ. ಸಾಮಾನ್ಯವಾಗಿ 10 ಸೆಷನ್, ಖರ್ಚು ಸರ್ಕಾರಿ ಆರೋಗ್ಯ ವಿಮೆಯದ್ದು. ನಾವು ಅಷ್ಟು ಶ್ರೀಮಂತರಲ್ಲ, ಒಪ್ಪಿದೆ. ಆದರೆ ಒಂದು ಪ್ರಶ್ನೆ ಕೇಳೋದಕ್ಕೆ ಶ್ರೀಮಂತಿಕೆ ಬೇಕಿಲ್ಲವಲ್ಲ!

ಯಾರೂ ಕೇಳದಿದ್ದಾಗ ಆ ಜಾಗಕ್ಕೆ ಬೇರೆಯವರು ಬರ್ತಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳು ಸಣ್ಣಪುಟ್ಟ ತೊಂದರೆ ಹೇಳಿಕೊಂಡು ಹೋಗಿ, ಗರ್ಭಕೋಶವನ್ನೇ ಕಳೆದುಕೊಂಡು ಬಂದ ಪ್ರಕರಣಗಳು ಕೆಲವು ವರ್ಷಗಳ ಹಿಂದೆ ರಾಜ್ಯವನ್ನೇ ಅಲ್ಲಾಡಿಸಿದ್ದವು. ಸ್ಪಷ್ಟವಾಗಿ ಕೇಳಿಸ್ಕೊಳ್ಳಿ: ಮೂತ್ರ ಸೋರೋದಕ್ಕೆ ಗರ್ಭಕೋಶ ತೆಗೆಯೋದು ಚಿಕಿತ್ಸೆ ಅಲ್ಲ. ಹಾಗೆ ಹೇಳಿದರೆ ಎದ್ದು ಬಂದು ಇನ್ನೊಬ್ಬ ಡಾಕ್ಟರನ್ನ ಕೇಳಿ. ಪಟ್ಟಣಗಳಲ್ಲಿ ಈಗ ಇನ್ನೊಂದು ಥರದ ಜಾಹೀರಾತು. ಲೇಸರ್, ನೋವಿಲ್ಲ, ಒಂದೇ ಸಲಕ್ಕೆ ಯೌವನ ವಾಪಸ್. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲೇ ಇಂಥ ಯೋನಿ ಲೇಸರ್ ಚಿಕಿತ್ಸೆಗಳ ವಿರುದ್ಧ ಎಚ್ಚರಿಕೆ ಕೊಟ್ಟಿದೆ. ಸೋರಿಕೆ ಸೇರಿದಂತೆ ಈ ಸಮಸ್ಯೆಗಳಿಗೆ ಅದು ಸುರಕ್ಷಿತ, ಪರಿಣಾಮಕಾರಿ ಅಂತ ಸಾಬೀತಾಗಿಲ್ಲ, ಸುಟ್ಟಗಾಯ ಆದವರಿದ್ದಾರೆ ಅಂದಿತ್ತು.

ಆಪರೇಷನ್ ಬೇಕಾಗುವವರೂ ಇದ್ದಾರೆ. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿಯೂ ಸ್ಟ್ರೆಸ್ ಸೋರಿಕೆ ನಿಲ್ಲದಿದ್ದರೆ ಮೂತ್ರನಾಳದ ಕೆಳಗೆ ತೆಳ್ಳನೆಯ ಪಟ್ಟಿ ಹಾಕಿ ಆಸರೆ ಕೊಡ್ತಾರೆ. ಕೃತಕ ಜಾಲರಿಯ ಪಟ್ಟಿಯಿಂದ ಕೆಲವರು ವರ್ಷಗಟ್ಟಲೆ ನೋವು ತಿಂದಿದ್ದರಿಂದ ಇಂಗ್ಲೆಂಡ್‌ನಲ್ಲಿ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿದರು. ತನ್ನದೇ ದೇಹದ ಅಂಗಾಂಶದಿಂದ ಪಟ್ಟಿ ಮಾಡೋ ವಿಧಾನವೂ ಇದೆ. ಯಾವುದು ಹಾಕ್ತೀರಿ, ಮುಂದೆ ತೊಂದರೆಯಾದರೆ ಏನು ಅಂತ ಕೇಳೋ ಹಕ್ಕು ನಿಮಗಿದೆ. ಇನ್ನೊಂದು ಮಗು ಬೇಕು ಅಂತಿದ್ದರೆ ಸಾಮಾನ್ಯವಾಗಿ ಅದಾಗುವವರೆಗೆ ಆಪರೇಷನ್ ಮುಂದೂಡ್ತಾರೆ.

ಇನ್ನು ಕಾಯಲೇಬಾರದ ಸಂದರ್ಭಗಳು. ಹಗಲು ರಾತ್ರಿ, ಕೂತರೂ ಮಲಗಿದರೂ ನಿಲ್ಲದೆ ಸೋರ್ತಾ ಇದ್ದರೆ ಅದು ನಾನು ಇಷ್ಟು ಹೊತ್ತು ಹೇಳಿದ ಸಡಿಲತೆ ಅಲ್ಲ. ದಿನಗಟ್ಟಲೆ ಹೆರಿಗೆ ಕಟ್ಟಿಕೊಂಡಿದ್ದರಿಂದಲೋ, ಆಪರೇಷನ್‌ನಲ್ಲಿ ಪೆಟ್ಟಾಗಿಯೋ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಆಗಿರಬಹುದು. ಫಿಸ್ಟುಲಾ ಅಂತಾರೆ. ಇದಕ್ಕಾಗಿಯೇ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಗಂಡ ರೆಜಿನಾಲ್ಡ್ 1974ರಲ್ಲಿ ಒಂದು ಆಸ್ಪತ್ರೆಯನ್ನೇ ಕಟ್ಟಿದರು. ಊರವರು ದೂರ ಇಟ್ಟಿದ್ದ ಸಾವಿರಾರು ಹೆಣ್ಣುಮಕ್ಕಳು ಅಲ್ಲಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಮರಳಿದ್ದಾರೆ. ಜ್ವರ, ಮೂತ್ರದಲ್ಲಿ ಉರಿ ಅಥವಾ ರಕ್ತ, ಮೂತ್ರ ಬಾರದೇ ಕಟ್ಟಿಕೊಳ್ಳೋದು, ಮಲವೂ ತಡೆಯೋಕಾಗದಿರೋದು, ಕೆಳಗೆ ಏನೋ ಗಡ್ಡೆ ಇಳಿದ ಹಾಗೆ ಅನ್ಸೋದು, ಕೂರೋ ಜಾಗ ಮರಗಟ್ಟೋದು, ಕಾಲಲ್ಲಿ ಬಲ ಇಲ್ಲದಿರೋದು, ಇವುಗಳಲ್ಲಿ ಯಾವುದು ಕಂಡರೂ ಮೂರು ತಿಂಗಳ ಲೆಕ್ಕ ಬೇಡ, ತಕ್ಷಣ ಹೋಗಿ.

ಉಳಿದವರು ಹೋಗೋ ಮೊದಲು ಒಂದು ಕೆಲಸ ಮಾಡಿ. ಮೂರು ದಿನ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಸಲ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡ್ತಿದ್ರಿ. ಮಾತಾಡೋಕೆ ನಾಚಿಕೆಯಾದರೆ ಆ ಪುಟವನ್ನೇ ಡಾಕ್ಟರ್ ಮುಂದಿಟ್ಟರೆ ಸಾಕು. ಸ್ತ್ರೀರೋಗ ತಜ್ಞರು ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿದೆಯಾ ನೋಡ್ತಾರೆ. ಕೆಮ್ಮಿಸಿ ನೋಡ್ತಾರೆ. ಬೆರಳಿಟ್ಟು ಸ್ನಾಯುವಿನ ಬಿಗಿ ಎಷ್ಟಿದೆ ಅಂತ ಪರೀಕ್ಷೆ ಮಾಡ್ತಾರೆ, ನಿಮ್ಮ ಒಪ್ಪಿಗೆ ಕೇಳಿಯೇ. ಬೇಕಾದರೆ ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಒಂದು ಸ್ಕ್ಯಾನ್. ಹೆಚ್ಚಿನವರಿಗೆ ಇಷ್ಟರಲ್ಲೇ ವಿಷಯ ಗೊತ್ತಾಗುತ್ತೆ. ಆಮೇಲೆ, ವ್ಯಾಯಾಮ ಕಲಿಸೋಕೆ ಮಹಿಳಾ ಫಿಸಿಯೋಥೆರಪಿಸ್ಟ್ ಹತ್ರ ಬರೆದುಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತೆ. ಅಲ್ಲಿಯವರೆಗೆ ಪ್ಯಾಡ್ ಬೇಕಾದರೆ ಮುಟ್ಟಿನ ಪ್ಯಾಡ್ ಬೇಡ, ಅದು ಮೂತ್ರ ಹೀರೋಕೆ ಮಾಡಿದ್ದಲ್ಲ, ಚರ್ಮ ಕೆಡುತ್ತೆ. ಮೂತ್ರಕ್ಕೆಂದೇ ಮಾಡಿದ್ದು ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಕೇಳೋಕೆ ಸಂಕೋಚ ಆದರೆ ಗಂಡನನ್ನ ಕಳಿಸಿ. ಮಗುವಿನ ಡೈಪರ್ ತರೋಕೆ ಹೇಗೂ ಹೋಗ್ತಾರೆ.